ರೋಗವೆಂದು ತೀರ್ಮಾನವಾದ ದಿನ

ನಮ್ಮ ಮನೆಯಲ್ಲಿ ಹಲ್ಲಿಗಿದ್ದ ಮರ್ಯಾದೆ ಹೆಂಗಸರಿಗಿರಲಿಲ್ಲ. ಯಾರದಾದರೂ ಎಡಭುಜದ ಮೇಲೆ ಹಲ್ಲಿ ಬಿದ್ದರೆ ಸಾಕು, ಅದರ ಫಲ ಕೇಳಲು ಬೈಲಹೊಂಗಲದ ಅರ್ಧ ಪೇಟೆ ನಮ್ಮ ಪಡಸಾಲೆಗೆ ಓಡಿಬರುತ್ತಿತ್ತು. ಅಜ್ಜ ಜಮಖಾನದ ಮೇಲೆ ಗೋಡೆಗೊರಗಿ ಕೂತು, ಯಾವ ಹೊತ್ತಿಗೆ ಬಿತ್ತು, ಬಿದ್ದ ಮೇಲೆ ಮೇಲಕ್ಕೆ ಹರಿಯಿತೋ ಕೆಳಕ್ಕೆ ಹರಿಯಿತೋ ಎಂದೆಲ್ಲ ವಿಚಾರಿಸಿ, ಕಣ್ಣು ಮುಚ್ಚಿ, ತೀರ್ಪು ಕೊಡುತ್ತಿದ್ದ. ಸತ್ತವರ ಸೂತಕ ಎಷ್ಟು ದಿನ, ಹುಟ್ಟಿದವರ ಮೈಲಿಗೆ ಎಷ್ಟು ದಿನ, ಸುದ್ದಿ ತಡವಾಗಿ ಬಂದರೆ ಎಷ್ಟು ಕಳೆಯಬೇಕು, ಇಂಥವಕ್ಕೆಲ್ಲ ಅಜ್ಜನ ಮಾತೇ ಕೊನೆಯ ಮಾತು. ಕಿತ್ತೂರು, ಯರಗಟ್ಟಿ ಕಡೆಯಿಂದಲೂ ಜನ ಬಸ್ಸು ಹತ್ತಿ ಬಂದು ಕೇಳಿಕೊಂಡು ಹೋಗುತ್ತಿದ್ದರು. ಮೈಲಿಗೆಯ ವಿಷಯದಲ್ಲಿ ಇಷ್ಟು ದೊಡ್ಡ ಪಂಡಿತ ತಾನುಂಡ ತಾಟು ತಾನು ಎತ್ತಿದ್ದನ್ನು ಮಾತ್ರ ನಾನು ಕಂಡಿಲ್ಲ. ಅದು ಅವ್ವನ ಕೆಲಸವಾಗಿತ್ತು.

ಮನೆ ಉದ್ದಕ್ಕಿತ್ತು. ಮುಂದೆ ಕಟ್ಟೆ, ಆಮೇಲೆ ಪಡಸಾಲೆ, ನಡುಮನೆ, ದೇವರ ಕೋಣೆ, ಅಡುಗೆಮನೆ, ಕೊನೆಗೆ ಹಿತ್ತಲು. ಹಿತ್ತಲ ಮೂಲೆಯಲ್ಲಿ ಬಚ್ಚಲುಮನೆ. ಅದರ ಗೋಡೆಗೆ ಅಂಟಿಕೊಂಡು, ಹೆಂಗಸರು ತಿಂಗಳಿಗೊಮ್ಮೆ ‘ಹೊರಗಾದಾಗ’ ಮೂರು ದಿನ ಕೂಡುವ ಕೋಣೆ. ಎರಡರ ನಡುವಿನ ಮಣ್ಣಿನ ಗೋಡೆಯಲ್ಲಿ ಅಂಗೈಯಗಲದ ಒಂದು ಬೆಳಕಿಂಡಿ. ದೇವರಿಗೆ ಎರಡು ಕಿಟಕಿ, ಹೆಂಗಸರಿಗೆ ಅಂಗೈಯಗಲದ ಬೆಳಕು. ಆ ಮೂರು ದಿನ ಅವರನ್ನು ಯಾರೂ ಮುಟ್ಟುವಂತಿಲ್ಲ, ಗಂಡಸರು ಅವರ ಮುಖ ನೋಡುವಂತಿಲ್ಲ. ಹಾಗೆಂದು ಉಳಿದ ದಿನಗಳಲ್ಲಿ ಗಂಡ ಹೆಂಡತಿ ಮುಖ ನೋಡಿ ಮಾತಾಡುತ್ತಿದ್ದರೆಂದು ಯಾರೂ ತಿಳಿಯಬಾರದು. ಹಿರಿಯರಿರುವ ಮನೆಯಲ್ಲಿ ಎದುರಾ ಎದುರು ಮಾತಾಡುವ ದಂಪತಿಗಳೆಂದರೆ, ನನ್ನ ಸೋದರತ್ತೆಯ ಪ್ರಕಾರ, ನಾಟಕದ ಮಂದಿ. ಈ ಅಂಬಾ ಅತ್ಯಾ ಅಪ್ಪನ ಅಕ್ಕ, ಗಂಡ ಸತ್ತ ಮೇಲೆ ತವರಿಗೆ ಬಂದು ಸೇರಿದವಳು. ತಾನು ಗಂಡನೊಡನೆ ಒಂದು ಮಾತೂ ಆಡದೆ ಸಂಸಾರ ಮುಗಿಸಿದ್ದನ್ನು ದೊಡ್ಡ ಪರೀಕ್ಷೆ ಪಾಸಾದಂತೆ ಹೇಳಿಕೊಳ್ಳುತ್ತಿದ್ದಳು.

ಹಾಗಾಗಿ ನನ್ನ ಅಪ್ಪ ಅವ್ವನ ನಡುವಿನ ಮಾತೆಲ್ಲ ನನ್ನ ಬಾಯಿಂದ ಹಾದುಹೋಗುತ್ತಿತ್ತು. ಅಪ್ಪ ಪಡಸಾಲೆಯಿಂದ ಹೇಳುವನು:

“ವನೂ, ಒಳಗ ಕೇಳು, ಚಹಾ ಆಗೇದೇನು ಅಂತ.”

ಅವ್ವ ಅಡುಗೆಮನೆಯಿಂದ:

“ಹೊರಗ ಹೇಳು, ಸಕ್ಕರಿ ತೀರೇದ ಅಂತ.”

ಅಪ್ಪನಿಗೆ ಅವ್ವನ ಹೆಸರು ‘ಒಳಗ’, ಅವ್ವನಿಗೆ ಅಪ್ಪನ ಹೆಸರು ‘ಹೊರಗ’. ಇಬ್ಬರಿಗೂ ಒಬ್ಬರ ದನಿ ಒಬ್ಬರಿಗೆ ಕೇಳಿಸುತ್ತಿತ್ತು. ಆದರೂ ನಾನು ಹೋಗಿ ಹೇಳುವವರೆಗೆ ಕಿವುಡರಂತೆ ಕೂಡುತ್ತಿದ್ದರು. ತಮಾಷೆಯೆಂದರೆ, ಅಪ್ಪನ ಉದ್ಯೋಗವೇ ಕೂಗುವುದು. ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿಯ ಲಿಲಾವು ನಡೆಸುತ್ತಿದ್ದ. ಹತ್ತಿ ತುಂಬಿದ ಅಂಡಿಗೆಗಳ ಮೇಲೆ ನಿಂತು ದರ ಕೂಗತೊಡಗಿದರೆ ಅಡತಿ ಅಂಗಡಿಗಳ ಕಡೆಯ ಸಾಲಿನವರೆಗೂ ಕೇಳಬೇಕು. ಆ ದನಿಯನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು, ಹೊಸ್ತಿಲ ಒಳಗೆ ಬೆಕ್ಕಿನಂತೆ ಕಾಲಿಡುತ್ತಿದ್ದ. ಅವನನ್ನು ಸಂಭಾವಿತ ಎಂದು ಊರು ಹೊಗಳುತ್ತಿತ್ತು. ನಮ್ಮ ಕಡೆ ಹೆದರುಪುಕ್ಕಲನಿಗೆ ಇರುವ ಗೌರವದ ಹೆಸರು ಅದು.

ನಾನು ಆರನೆಯದೋ ಏಳನೆಯದೋ ಕಲಿಯುತ್ತಿದ್ದಾಗ ಅವ್ವ ಆ ಕೋಣೆಗೆ ಹೋಗಿ ಬರುವುದು ಹೆಚ್ಚಾಯಿತು. ನಾಲ್ಕನೆಯ ದಿನ ತಲೆಗೆ ಎರೆದುಕೊಂಡು ಒಳಗೆ ಬರುವಳು, ಮರುದಿನ ಮತ್ತೆ ಹೊರಗೆ. ಬರಬರುತ್ತಾ ಒಳಗಿರುವ ದಿನಗಳೇ ಇಲ್ಲವಾದವು. ಮುಖ ಸುಣ್ಣದ ಗೋಡೆಯ ಬಣ್ಣಕ್ಕೆ ಬಂತು. ಸೊಂಟ ಹಿಡಿದುಕೊಂಡೇ ಏಳುತ್ತಿದ್ದಳು. ಊಟದ ತಾಟನ್ನು ನಾನು ಹೊಸ್ತಿಲಲ್ಲಿ ಇಟ್ಟು ಬರುವಾಗ ಒಮ್ಮೆ ಕರೆದಳು.

“ವನೂ, ನಿಮ್ಮಪ್ಪಗ ಹೇಳು…”

“ಏನಂತ ಹೇಳಲಿ?”

ತಾಟನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ, “ಏನಿಲ್ಲ. ಸಾಲಿಗೆ ತಡಾ ಆತು, ಹೋಗು” ಅಂದಳು. ಇನ್ನೂ ದೊಡ್ಡವಳಾಗದ ಹುಡುಗಿಯ ಬಾಯಲ್ಲಿ ಇಡಬಹುದಾದ ಮಾತು ಅದಾಗಿರಲಿಲ್ಲ. ಸಕ್ಕರೆ ತೀರಿದ್ದನ್ನು ಹೇಳಲು ಇದ್ದ ವ್ಯವಸ್ಥೆಯಲ್ಲಿ ರಕ್ತ ನಿಲ್ಲದಿರುವುದನ್ನು ಹೇಳಲು ದಾರಿಯಿರಲಿಲ್ಲ. ಅಪ್ಪ ಕೇಳಲಿಲ್ಲ, ಅವ್ವ ಹೇಳಲಿಲ್ಲ, ಹೀಗೆ ತಿಂಗಳುಗಳು ಹೋದವು. ಮನೆಯಲ್ಲಿ ಆ ಬಗ್ಗೆ ಮಾತಾಡಿದ್ದು ಅತ್ಯಾ ಒಬ್ಬಳೇ. ಅವಳಿಗೆ ಕಸ ಮುಸುರೆ ಮಾಡಿ ಮಾಡಿ ರಟ್ಟೆ ಹೋಗಿದ್ದವು.

ಅತ್ಯಾನ ಗೊಣಗಾಟ ತಾಳಲಾರದೆ ಅಜ್ಜ ಕೊನೆಗೆ ವಿಷಯವನ್ನು ಕೈಗೆತ್ತಿಕೊಂಡ. ಡಾಕ್ಟರನ್ನು ಕರೆಸಿದನೇ? ಇಲ್ಲ. ಸವದತ್ತಿಯಿಂದ ತನ್ನ ಹಳೆಯ ಗೆಳೆಯರಾದ ಒಬ್ಬ ಶಾಸ್ತ್ರಿಗಳನ್ನು ಕರೆಸಿದ. ಪ್ರಶ್ನೆ ಏನೆಂದರೆ, ನಿಲ್ಲದೆ ಹೋಗುವ ಈ ರಕ್ತ ಮೈಲಿಗೆ ಹೌದೋ ಅಲ್ಲವೋ. ಇಬ್ಬರು ಮುದುಕರು ಪಡಸಾಲೆಯಲ್ಲಿ ಕೂತು, ಹಚ್ಚಿದ ಅವಲಕ್ಕಿ ತಿನ್ನುತ್ತಾ, ನನ್ನ ಅವ್ವನ ಹೊಟ್ಟೆಯ ಕೆಳಗಿನ ಸಂಗತಿಯನ್ನು ಹೊಲದ ಬದುವಿನ ತಕರಾರಿನಂತೆ ಚರ್ಚಿಸಿದರು. ಗ್ರಂಥಗಳು ಗೋಡೆಯ ಗೂಡಿನಿಂದ ಇಳಿದವು, ಧೂಳು ಕೊಡವಿಸಿಕೊಂಡವು. ಅಪ್ಪ ಕಂಬದ ಹತ್ತಿರ ಕೈಕಟ್ಟಿ ಕೂತಿದ್ದ. ಯಾರ ಬಗ್ಗೆ ಮಾತು ನಡೆದಿತ್ತೋ ಅವಳು ಹಿತ್ತಲ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಅನಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಶಾಸ್ತ್ರಿಗಳು ತೀರ್ಪು ಹೇಳಿದರು.

“ಇದು ಋತು ಅಲ್ರಿ. ಇದು ರೋಗದಿಂದ ಬಂದದ್ದು. ರೋಗದ್ದಕ್ಕ ಮೂರು ದಿನದ ಮೈಲಗಿ ಇಲ್ಲ. ಸ್ನಾನಾ ಮಾಡಿ ಒಳಗ ಬರಬಹುದು.”

“ಹಂಗಾರ ಕಸಾ ಮುಸರಿ ಮಾಡಬಹುದು?” ಅಜ್ಜ ಕೇಳಿದ.

“ಅಡ್ಡಿಯಿಲ್ಲ. ದೇವರ ನೈವೇದ್ಯದ ಅಡಗಿ ಇಷ್ಟ ಬ್ಯಾಡ.”

ಅಡುಗೆಮನೆಯ ಬಾಗಿಲಲ್ಲಿ ಕಿವಿಗೊಟ್ಟು ನಿಂತಿದ್ದ ಅತ್ಯಾ ಎರಡೂ ಕೈ ಎತ್ತಿ ಮುಗಿದಳು.

“ಸದ್ಯ! ರೋಗಂತ. ನಮ್ಮಪ್ಪಾ ದೇವರು ದೊಡ್ಡಾಂವ!”

ರೋಗ ಎಂದು ಗೊತ್ತಾಗಿ ಸಂತೋಷಪಟ್ಟ ಮನೆ ಜಗತ್ತಿನಲ್ಲಿ ನಮ್ಮದೊಂದೇ ಇರಬೇಕು. ಶಾಸ್ತ್ರಿಗಳಿಗೆಂದು ಶಿರಾ ಕೆದಕಿದರು, ಗೋಡಂಬಿ ಬೇರೆ ಹಾಕಿ. ‘ರೋಗ’ ಎಂದು ಬಾಯಿತುಂಬ ಹೇಳಿದ ಆ ಮಂದಿಯಲ್ಲಿ ಒಬ್ಬರಿಗೂ, ರೋಗಕ್ಕೆ ಔಷಧ ಇರುತ್ತದೆ, ಔಷಧ ಕೊಡುವ ಡಾಕ್ಟರು ಪೇಟೆಯಲ್ಲೇ ಇದ್ದಾರೆ ಎಂದು ಹೊಳೆಯಲಿಲ್ಲ. ಅವರಿಗೆ ಬೇಕಾಗಿದ್ದ ಉತ್ತರ ಸಿಕ್ಕಿತ್ತು. ಅವರಿಗೆ ಬುದ್ಧಿ ಇರಲಿಲ್ಲ ಎಂದು ನಾನು ಹೇಳುವುದಿಲ್ಲ, ಬೇಕಾದಷ್ಟಿತ್ತು. ಈಗಲೂ ನೆನೆದರೆ ನನ್ನ ಮೈ ಉರಿಯುವುದು ಅದಕ್ಕೇ. ಅಷ್ಟೊಂದು ಬುದ್ಧಿಯನ್ನು ಸವೆಸಿ ಸತ್ಯದ ಬಾಗಿಲವರೆಗೆ ಹೋಗಿ, ಅದರ ಚಿಲಕಕ್ಕೆ ತಮ್ಮ ಒದ್ದೆ ಪಂಚೆ ನೇತುಹಾಕಿ ಹೊರಳಿ ಬಂದರು.

ಅವ್ವ ಮಾತ್ರ ಒಳಗೆ ಬರಲಿಲ್ಲ. ಬೇನೆ ಇದೆ, ಇಲ್ಲೇ ಇರುತ್ತೇನೆ ಎಂದು ಹೇಳಿ ಕಳಿಸಿದಳು. ಮರುದಿನ ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದ. ಬಚ್ಚಲ ಒಲೆಯ ಬಾಯಿ ಹಿತ್ತಲ ಕಡೆಗಿತ್ತು, ಹಂಡೆಯ ಕೆಳಗೆ ಹತ್ತಿಕಟ್ಟಿಗೆ ಮುರಿದು ತುಂಬುವುದು ನನ್ನ ಕೆಲಸ. ಹತ್ತಿಕಟ್ಟಿಗೆ ಭರ್ರೆಂದು ಉರಿದು ಹೋಗುತ್ತದೆ, ಎದ್ದು ಹೋಗಲು ಬರುವುದಿಲ್ಲ. ಅಲ್ಲಿ ಕೂತಾಗ ಕೋಣೆಯ ಒಳಗಿಂದ ಅವ್ವನ ದನಿ ಕೇಳಿಸಿತು.

“ಏನ್ರಿ.”

ಬಚ್ಚಲಲ್ಲಿ ತಂಬಿಗೆಯ ಸಪ್ಪಳ ನಿಂತಿತು.

“ನಿನ್ನೆ ರೋಗ ಅಂದ್ರಂತಲ್ಲ.”

“ಹೂಂ.”

“ರೋಗಕ್ಕ ಏನ ಮಾಡತಾರ?”

ತಂಬಿಗೆ ಮತ್ತೆ ನೀರಿಗೆ ಇಳಿದ ಸಪ್ಪಳ ಕೇಳಿಸಿತು.

“ನಾ ನಿಮಗ ಕೇಳಲಿಕ್ಕೆ ಹತ್ತೇನಿ. ಗ್ವಾಡಿಗಲ್ಲ.”

“ಡಾಕ್ಟರಿಗೆ ತೋರಸ್ತಾರ.”

“ಮತ್ತ ತೋರಸ್ರಿ.”

ನನ್ನ ತಾಯಿತಂದೆ ಪರಸ್ಪರ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಏನೋ ನೋಡಬಾರದ್ದನ್ನು ನೋಡಿದ ಹಾಗಾಯಿತು. ಅಂಥ ಮನೆ ಅದು. ಅಪ್ಪ ಕರೆದುಕೊಂಡು ಹೋದ ಮೇಲೆ ಊರ ಲೇಡಿ ಡಾಕ್ಟರು ನೋಡಿ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಅಪ್ಪನಿಗೆ ಛೀಮಾರಿ ಹಾಕಿ, ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಕಳಿಸಿದರು. ಅಲ್ಲಿ ಪರೀಕ್ಷೆ ಮಾಡಿದ ಡಾಕ್ಟರು ಅಪ್ಪನೊಬ್ಬನನ್ನೇ ಒಳಗೆ ಕರೆದು ವಿಷಯ ಹೇಳಿದರು. ರೋಗ ಹೆಂಗಸಿನದು, ಸುದ್ದಿ ಗಂಡಸಿಗೆ; ಡಾಕ್ಟರಕಿ ಓದಿದರೇನು, ಅವರೂ ಯಾವುದೋ ಮನೆಯಲ್ಲಿ ಹುಟ್ಟಿದವರೇ. ಅಪ್ಪ ಮನೆಗೆ ಬಂದು ಗರ್ಭಚೀಲದಲ್ಲಿ ಸಣ್ಣ ಹುಣ್ಣು ಅಂದ. ಅವ್ವ ಅವನ ಮುಖ ನೋಡಿ ತನ್ನ ಕೋಣೆಗೆ ಹೋದಳು. ಮರುದಿನ ಮತ್ತೆ ಬಚ್ಚಲ ಹೊತ್ತು ಬಂತು.

“ಡಾಕ್ಟರ್ ನಿಮ್ಮನ್ನ ಒಳಗ ಕರದು ಏನ ಹೇಳಿದ್ರು?”

“ಹುಣ್ಣು ಅಂದ್ರು. ಮಾಯತದ ಅಂದ್ರು.”

“ಹುಣ್ಣಿಗೆ ಯಾರರೆ ಕರೆಂಟ್ ಕೊಡತಾರೇನ್ರಿ? ದವಾಖಾನ್ಯಾಗ ನನ್ನ ಬಾಜೂಕ ಕೂತಾಕಿ ಎಲ್ಲಾ ಹೇಳ್ಯಾಳ.”

ವಿಕಿರಣ ಚಿಕಿತ್ಸೆಗೆ ದವಾಖಾನೆಯ ಮಂದಿ ಕರೆಂಟು ಕೊಡುವುದು ಅನ್ನುತ್ತಿದ್ದರು. ಅವ್ವ ಬಿಡಲಿಲ್ಲ. ನಮ್ಮ ಕಡೆ ಮದುವೆಯಾಗಿ ಬಂದ ಹುಡುಗಿಯನ್ನು ಹೊಸ್ತಿಲಲ್ಲಿ ತಡೆದು, ಗಂಡನ ಹೆಸರು ಸೇರಿಸಿ ಒಂದು ಪದ್ಯದ ಸಾಲು, ಒಡಪು, ಹೇಳಿದರೆ ಮಾತ್ರ ಒಳಗೆ ಬಿಡುತ್ತಾರೆ. ಜನ್ಮದಲ್ಲಿ ಆಮೇಲೆ ಅವಳು ಆ ಹೆಸರು ಎತ್ತುವಂತಿಲ್ಲ. ಅವ್ವ ಅದನ್ನೇ ಎತ್ತಿದಳು.

“ಈ ಮನಿ ಹೊಸ್ತಲಾ ದಾಟಬೇಕಾದ್ರ, ಹೆಸರು ಹೇಳು, ಇಲ್ಲಂದ್ರ ಬಿಡಂಗಿಲ್ಲ ಅಂತ ನಿಮ್ಮ ಮಂದಿ ಎಲ್ಲಾ ಅಡ್ಡ ನಿಂತ್ರು. ದೇಗಾಂವದ ಹುಡಿಗಿ ನಾ, ಅಷ್ಟ ಮಂದಿ ನೋಡಿದಾಕಿನ ಅಲ್ಲ. ನಾಚಿಕಿ ನುಂಗಿ ಹೇಳಿದೆ. ಈಗ ನಿಮ್ಮ ಪಾಳಿ. ಅದರ ಹೆಸರು ಹೇಳ್ರಿ. ಹೇಳದನ ಬಿಡಂಗಿಲ್ಲ.”

ಒಲೆಯಲ್ಲಿ ಕಟ್ಟಿಗೆ ಉರಿದು ಬೂದಿಯಾಯಿತು. ನಾನು ಮತ್ತೆ ಹಾಕಲಿಲ್ಲ.

“ಕ್ಯಾನ್ಸರ್,” ಅಂದ ಅಪ್ಪ. ಆಮೇಲೆ, “ಪದ್ಮಾ, ಕ್ಯಾನ್ಸರ್ ಅಂತ.” ಆಮೇಲೆ ಅವನು ಅಳುವುದು ಕೇಳಿಸಿತು.

“ನನಗ ಗೊತ್ತಿತ್ತು. ನಿಮ್ಮ ಬಾಯಿಲೆ ಕೇಳಬೇಕಾಗಿತ್ತು,” ಅಂದಳು ಅವ್ವ. ಆಮೇಲೆ, “ಸಾಕಿನ್ನ. ಎರಕೋರಿ, ನೀರು ಆರತಾವ.”

ಅಂದಿನಿಂದ ಅಪ್ಪನ ಸ್ನಾನ ಉದ್ದವಾಯಿತು. ಗೋಡೆಯ ಆಚೆ ಅವಳು, ಈಚೆ ಇವನು, ನಡುವೆ ಅಂಗೈಯಗಲದ ಕಿಂಡಿ. ಎಲ್ಲಿ ನೋಯುತ್ತದೆ, ಎಷ್ಟು ಹೋಗುತ್ತದೆ, ವಾಸನೆ ಬರುತ್ತದೆಯೇ, ಸತ್ತರೆ ವನಜಾಳನ್ನು ಓದಿಸುತ್ತೀರೋ ಮದುವೆ ಮಾಡಿ ಕಳಿಸುತ್ತೀರೋ, ಎಲ್ಲ ಅಲ್ಲಿ ಆಡಿಕೊಂಡರು. ಒಮ್ಮೆ ಅವ್ವ, “ಮತ್ತೊಂದು ಮದಿವಿ ಮಾಡಕೋತೀರೇನು?” ಎಂದು ಕೇಳಿದಳು. ಅಪ್ಪ “ಛೇ” ಅಂದ. “ಛೇ ಅನಬ್ಯಾಡ್ರಿ, ವಿಚಾರ ಮಾಡಿ ಹೇಳ್ರಿ” ಅಂದಳು ಅವ್ವ. ಇತ್ತ ಪಡಸಾಲೆಯಲ್ಲಿ ಅಜ್ಜ ಬಂದವರಿಗೆಲ್ಲ, “ಶ್ರೀಪಾದಗ ಈಗೀಗ ಜಪದ ಕಡೆ ಮನಸು ಹೊಳ್ಳೇದ, ಬಚ್ಚಲದಾಗ ತಾಸಗಟ್ಟಲೆ ಇರತಾನ” ಎಂದು ಹೆಮ್ಮೆಯಿಂದ ಹೇಳುತ್ತಿದ್ದ. ನನಗೂ ಅವ್ವ ಕರೆದು ನೇರವಾಗಿ ಹೇಳಿದಳು: “ನನಗ ಕ್ಯಾನ್ಸರ್ ಆಗೇದ. ಬದಕಬಹುದು, ಸಾಯಲೂಬಹುದು. ಮಂದಿ ಬ್ಯಾರೆ ಏನರೆ ಅಂದ್ರ ನನ್ನ ಬಂದು ಕೇಳು.” ನಾನು ಅತ್ತೆ. ಆದರೆ ಅಂದು ರಾತ್ರಿ ನಿದ್ದೆ ಬಂತು. ಅದಕ್ಕೆ ಮೊದಲು, ಯಾರೂ ಏನೂ ಹೇಳದ ತಿಂಗಳುಗಳಲ್ಲಿ, ನನಗೆ ನಿದ್ದೆ ಇರಲಿಲ್ಲ.

ಈಚೆಗೆ ಇಂಥ ವಿಷಯಕ್ಕೆ ಸಭೆಗಳಾಗುತ್ತವೆ. ಹೂಕುಂಡಗಳ ಹಿಂದೆ ನಿಂತು, ಗಂಡ ಹೆಂಡತಿ ಮನಸ್ಸು ಬಿಚ್ಚಿ ಮಾತಾಡಿದರೆ ಕುಟುಂಬ ಕಷ್ಟಕ್ಕೆ ಗಟ್ಟಿಯಾಗಿ ನಿಲ್ಲುತ್ತದೆ ಎಂದು ಮೈಕಿನಲ್ಲಿ ಹೇಳುತ್ತಾರೆ. ಒಮ್ಮೆ ಹೋಗಿದ್ದೆ. ಮಾತು ಸುಳ್ಳಲ್ಲ. ಆದರೆ ಬಾಯಿಗೆ ಬೀಗ ಹಾಕಿದವರು ಯಾರು, ಕೀಲಿಕೈ ಯಾರ ಉಡಿದಾರದಲ್ಲಿದೆ ಎಂದು ಆ ಮೈಕಿನವರು ಹೇಳಲಿಲ್ಲ, ಉಪ್ಪಿಟ್ಟು ತಿಂದು ಹೋದರು.

ಹುಬ್ಬಳ್ಳಿಯಲ್ಲಿ ಕರೆಂಟು ಕೊಡಲು ಒಂದು ದಿನ ಗೊತ್ತು ಮಾಡಿದರು. ಅಂದು ಬಂದು ಸೇರದಿದ್ದರೆ ದವಾಖಾನೆಯ ಮಂಚ ಬೇರೆಯವರಿಗೆ, ಮತ್ತೆ ಯಾವಾಗ ಸಿಗುತ್ತದೋ ಹೇಳಲಾಗದು, ರೋಗ ಕಾಯುವುದಿಲ್ಲ ಎಂದೂ ಹೇಳಿದ್ದರು. ನೋಡಿದರೆ ಅಂದೇ ನಮ್ಮ ಅಜ್ಜಿಯ ಶ್ರಾದ್ಧ. ಮಾಡಬೇಕಾದವನು ಅಪ್ಪ, ಒಬ್ಬನೇ ಮಗ.

“ಶ್ರಾದ್ಧ ಮುಗಿಸಿ ಮರದಿನ ಹೋಗ್ರಿ. ಹೆತ್ತ ತಾಯಿ ಉಪವಾಸ ಹೊಳ್ಳಿ ಹೋಗಬೇಕೇನೋ?” ಅಂದ ಅಜ್ಜ.

ಅಪ್ಪ ತಲೆಯಾಡಿಸಿದ. ಸಂಭಾವಿತ! ನನಗೆ ಆ ತಲೆಯನ್ನು ಹಿಡಿದು ನಿಲ್ಲಿಸಬೇಕೆನಿಸಿತು. ಗೋಡೆಯ ಸಂದಿಯಲ್ಲಿ ಹುಲಿ, ಪಡಸಾಲೆಯಲ್ಲಿ ಇಲಿ. ಶ್ರಾದ್ಧದ ದಿನ ಬೆಳಿಗ್ಗೆ ಅವನು ಬಚ್ಚಲಿಗೆ ಹೋದಾಗ ಅವ್ವ ಒಂದೇ ಮಾತು ಹೇಳಿದಳು.

“ನೀವು ಬರದಿದ್ರ ನಾ ಒಬ್ಬಾಕೀನ ಹೋಗತೇನಿ. ಅಲ್ಲೇ ಸತ್ತೆ ಅಂದ್ರ, ಸೂತಕಾ ಎಷ್ಟು ದಿನಾ ಅಂತ ಮಾವನವರನ್ನ ಕೇಳಕೋರಿ. ಯಾಕ ಸತ್ತಳು ಅಂತ ನಿಮಗ ನೀವ ಕೇಳಕೋರಿ.”

ಅಪ್ಪ ಒದ್ದೆ ಮಡಿಪಂಚೆಯಲ್ಲಿ ಹೊರಗೆ ಬಂದ. ಶ್ರಾದ್ಧಕ್ಕೆ ಕರೆದ ಬ್ರಾಹ್ಮಣರು ನಡುಮನೆಯಲ್ಲಿ ಕೂತಿದ್ದರು. ಒಳಗೆ ವಡೆಯ ಎಣ್ಣೆ ಕಾಯುತ್ತಿತ್ತು. ಮಡಿಯಲ್ಲಿರುವವನನ್ನು ಯಾರೂ ಮುಟ್ಟಬಾರದು, ಅವನೂ ಯಾರನ್ನೂ ಮುಟ್ಟಬಾರದು. ಮುಟ್ಟಿದರೆ ಎಲ್ಲ ಕೆಟ್ಟಿತು. ಅವ್ವ ಕೈಚೀಲ ಹಿಡಿದು ಹಿತ್ತಲಿಂದ ಬಂದು, ಯಾರಿಗೂ ತಗಲದಂತೆ ಗೋಡೆ ಹಿಡಿದುಕೊಂಡು ಪಡಸಾಲೆಗೆ ನಡೆದಳು. ಕಟ್ಟೆಯ ಹತ್ತಿರ ಅವಳ ಕಾಲು ಸೋತಿತು. ಅಪ್ಪ ನಾಲ್ಕು ಹೆಜ್ಜೆಯಲ್ಲಿ ಅವಳ ಹತ್ತಿರ ಹೋಗಿ ರಟ್ಟೆ ಹಿಡಿದುಕೊಂಡ.

“ಮುಟ್ಟಿದೇನೋ!” ಅಜ್ಜ ಚೀರಿದ. “ಇಷ್ಟೆಲ್ಲಾ ಅಡಗಿ, ಬ್ರಾಹ್ಮಣರು…”

ಅಪ್ಪ ಅಜ್ಜನ ಕಡೆ ನೋಡಲೇ ಇಲ್ಲ. ಮಾರ್ಕೆಟ್ ಯಾರ್ಡಿನ ದನಿ ನಮ್ಮ ಪಡಸಾಲೆಯಲ್ಲಿ ಮೊಳಗಿದ್ದು ಅಂದೇ.

“ಪದ್ಮಾ, ನಡಿ. ಬಸ್ಸಿನ ಹೊತ್ತಾತು. ವನೂ, ನೀನೂ ನಡಿ.”

ಓಣಿಯ ಮನೆಗಳ ಬಾಗಿಲಲ್ಲಿ ಹೆಂಗಸರು ಬಂದು ನಿಂತರು. ಮಡಿಪಂಚೆಯ ಮೇಲೆ ಅಂಗಿ ಸಿಕ್ಕಿಸಿಕೊಂಡ ಗಂಡಸು, ಹೆಂಡತಿಯ ಹೆಸರು ಹಿಡಿದು ಕರೆಯುತ್ತಾ, ಅವಳ ತೋಳು ಹಿಡಿದು ನಡೆದದ್ದನ್ನು ಅವರು ಅದಕ್ಕೂ ಮೊದಲು ನೋಡಿರಲಿಲ್ಲ. ನನಗೆ ಆ ಕ್ಷಣ ಅಪ್ಪನ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಅವನ ಹಿಂದಿನ ಹೇಡಿತನವನ್ನೆಲ್ಲ ಮಾಫ್ ಮಾಡಿಬಿಟ್ಟೆ. ಆಮೇಲೆ ವಾಪಸ್ ತೆಗೆದುಕೊಂಡದ್ದೂ ಉಂಟು, ಅದು ಬೇರೆ ಮಾತು.

ಹುಬ್ಬಳ್ಳಿಯ ದವಾಖಾನೆಯ ಹಿಂದಿನ ಬಯಲಿನಲ್ಲಿ ರೋಗಿಗಳ ಕಡೆಯವರು ಒಲೆ ಹೂಡಿ ಅಡುಗೆ ಮಾಡುತ್ತಿದ್ದರು. ಅಲ್ಲಿ ಗಂಡಂದಿರು, “ಆಕೀಗೆ ಗೊತ್ತಿಲ್ರಿ, ಹೇಳಬ್ಯಾಡ್ರಿ” ಎಂದು ಪಿಸುಗುಟ್ಟುತ್ತಿದ್ದರು; ಒಳಗೆ ಅವರ ಹೆಂಡಿರು, “ಅವರಿಗೆ ಗೊತ್ತಿಲ್ರಿ, ಎದಿ ಒಡಕೋತಾರ” ಅನ್ನುತ್ತಿದ್ದರು. ಪ್ರೀತಿ ಎಂಬ ಹೆಸರಿನಲ್ಲಿ ಒಬ್ಬರನ್ನೊಬ್ಬರು ಒಂಟಿ ಮಾಡಿ ಕೂರಿಸುವ ಈ ಜಾಣತನಕ್ಕೆ ನನ್ನಲ್ಲಿ ಇಂದಿಗೂ ಮರುಕವಿಲ್ಲ. ನಮ್ಮ ಅಪ್ಪ ಅನ್ನ ಸೀದು, ಸಾರಿಗೆ ಉಪ್ಪು ಸುರಿದು, ತಂದು ಇಟ್ಟ. ಅವ್ವ ಒಂದು ತುತ್ತು ತಿಂದು, “ಇದನ್ನ ತಿಂದ್ರ ಕ್ಯಾನ್ಸರ್ ತಾನ ಹೆದರಿ ಓಡಿ ಹೋಗತದ” ಅಂದಳು. “ಹಂಗಾರ ಪೂರ್ತಿ ತಿನ್ನು” ಅಂದ ಅಪ್ಪ. ಇಬ್ಬರೂ ಬಾಯಿಮಾಡಿ ಜಗಳಾಡಿದರು. ನಾನು ಕೇಳುತ್ತಾ ಕೂತೆ. ನನ್ನ ಬಾಲ್ಯದಲ್ಲಿ ಅದಕ್ಕಿಂತ ದೊಡ್ಡ ಸುಖ ನೆನಪಿಲ್ಲ.

ಅವ್ವ ಬದುಕಿ ಬಂದಳು, ಸ್ವಲ್ಪ ಕಾಲಕ್ಕೆ. ಅಜ್ಜ ಅಪ್ಪನಿಂದ ಪ್ರಾಯಶ್ಚಿತ್ತ ಮಾಡಿಸಿದ. ಆಮೇಲೆ ಊರವರಿಗೆ, “ನಮ್ಮ ಮನ್ಯಾಗ ಶಾಸ್ತ್ರಾ ನೋಡೇ ರೋಗ ಹಿಡದ್ವಿ” ಎಂದು ಹೇಳಿಕೊಂಡ. ನಾಚಿಕೆ ಎಂಬುದು ಬಹುಶಃ ಆ ಗ್ರಂಥಗಳಲ್ಲಿ ಇರಲಿಲ್ಲ. ನಾನು ಮ್ಯಾಟ್ರಿಕ್ ಪಾಸಾಗುವ ಹೊತ್ತಿಗೆ ರೋಗ ಮರಳಿತು. ಈ ಸಲ ಎಲ್ಲರಿಗೂ ಎಲ್ಲ ಗೊತ್ತಿತ್ತು. ನನ್ನನ್ನು ಧಾರವಾಡದ ಕಾಲೇಜಿಗೆ ಸೇರಿಸಬೇಕೆಂದು ಅವ್ವ ಊಟದ ಹೊತ್ತಿನಲ್ಲಿ, ಅಜ್ಜನ ಎದುರಿಗೇ, ಅಪ್ಪನ ಹತ್ತಿರ ಮಾತು ತೆಗೆದುಕೊಂಡಳು. ಅಜ್ಜ ಅರ್ಧ ಊಟದಲ್ಲಿ ಎದ್ದು ಹೋದ, ಇವರಿಬ್ಬರೂ ಮಜ್ಜಿಗೆ ಅನ್ನ ಉಂಡೇ ಎದ್ದರು. ಅವಳು ಹೋದಾಗ ನಾವು ಅತ್ತೆವು, ಆದರೆ ಯಾರೂ ಯಾರಿಂದಲೂ ಮುಚ್ಚಿಟ್ಟುಕೊಂಡು ಅಳಲಿಲ್ಲ.

ಮಾತಾಡಿಸಲು ಬಂದ ಮಂದಿ ಪಡಸಾಲೆ ತುಂಬ ಕೂತರು. ಸವದತ್ತಿಯ ಶಾಸ್ತ್ರಿಗಳೂ ಬಂದಿದ್ದರು. ಗಂಡನಿಗಿಂತ ಮೊದಲು ಸಾಯುವ ಹೆಂಗಸು ಭಾಗ್ಯವಂತೆ ಎಂಬುದು ಅವರ ಲೆಕ್ಕ.

“ಪುಣ್ಯಾ ಮಾಡಿದ್ದಳು. ಮುತ್ತೈದಿಯಾಗಿ ಹೋದಳು,” ಅಂದರು.

ಎಲ್ಲರೂ ಹೌದು ಹೌದೆಂದರು. ಅಪ್ಪ ನೆಲ ನೋಡುತ್ತಾ ಕೂತಿದ್ದವನು ತಲೆಯೆತ್ತಿದ. ದನಿ ಏರಿಸಲಿಲ್ಲ.

“ಪುಣ್ಯ ಅಲ್ರಿ, ತಡಾ ಆತು. ಆಕಿ ಒಳಗ ರಕ್ತಾ ಸುರಕೋತ ಮಲಗಿದ್ದಾಗ, ಅದು ಮೈಲಗಿ ಹೌದೋ ಅಲ್ಲೋ ಅಂತ ಇಲ್ಲೇ ಚರ್ಚಾ ನಡದಿತ್ತು. ನೀವೂ ಇದ್ರಿ. ನಾನೂ ಇದ್ದೆ.”